ಹನ್ನೊಂದು ಕಿಲೋ ಮನುಷ್ಯರು

ಕಾಲು ಸುಳ್ಳು ಹೇಳುತ್ತದೆಯೇ? ಹೇಳುತ್ತದೆ ಅಂತ ಸರ್ಕಾರ ಕಾಯಿದೆ ಮಾಡಿ ಆಗಲೇ ಮೂರು ವರ್ಷವಾಗಿತ್ತು.

ಬಾಯಿ ಸುಳ್ಳು ಹೇಳುವುದು ಎಲ್ಲರಿಗೂ ಗೊತ್ತು. ಆದರೆ ಬೆನ್ನ ಮೇಲೆ ಚೀಲ ಹೊರುವವನ ಕಾಲೂ ಸುಳ್ಳು ಹೇಳುತ್ತದೆ, ನೋಯದೆಯೇ ನೋಯುತ್ತೇನೆ ಅನ್ನುತ್ತದೆ, ಅದನ್ನು ಹಿಡಿಯಲು ಒಂದು ಯಂತ್ರ ಬೇಕು ಅಂತ ಯಾವನೋ ಪುಣ್ಯಾತ್ಮನಿಗೆ ಹೊಳೆಯಿತು. ಕುರ್ಚಿಯ ಮೇಲೆ ಕೂತವನಿಗೇ ಹೊಳೆದಿರಬೇಕು. ಹಾಗೆ ಹುಟ್ಟಿದ್ದು ಪಾದದರ್ಶಿ.

ರಾಜ್ಯದ ದೊಡ್ಡ ಮಾರುಕಟ್ಟೆ, ಗೋದಾಮುಗಳ ಗೇಟಿಗೆಲ್ಲ ಅದು ಬಂದು ಕೂತಿತು. ಉಕ್ಕಿನ ಚೌಕಟ್ಟು, ನಡುವೆ ದಪ್ಪ ಗಾಜಿನ ಹಲಗೆ, ಎಡಕ್ಕೊಂದು ಬಲಕ್ಕೊಂದು ಹಿಡಿದುಕೊಳ್ಳಲು ಕಂಬಿ. ಹಮಾಲ ಬೆಳಿಗ್ಗೆ ಬರಿಗಾಲಲ್ಲಿ ಬಂದು ಗಾಜಿನ ಮೇಲೆ ನಿಲ್ಲಬೇಕು. ಬಳೆಯಂಥ ಒಂದು ಚಕ್ರ ಎರಡೂ ಕಾಲ ಸುತ್ತ ಸುಯ್ಯನೆ ತಿರುಗುತ್ತದೆ. ಆರೇ ಆರು ಸೆಕೆಂಡು. ಎಕ್ಸ್‌ರೇ ಚೂರುಗಳನ್ನೆಲ್ಲ ಜೋಡಿಸಿ, ಪಾದವೊಂದಕ್ಕೆ ಇಪ್ಪತ್ತಾರರಂತೆ ಎಲುಬುಗಳನ್ನು ಮೇಲಿನ ಕೋಣೆಯ ಪರದೆಯಲ್ಲಿ ಗಾಳಿಯಲ್ಲಿ ತೂಗುಬಿಟ್ಟ ಹಾಗೆ ತೋರಿಸುತ್ತದೆ. ನೋವಿಲ್ಲದವನಿಗೆ ಗೇಟು ತೆರೆಯುತ್ತದೆ. ನೋವಿದ್ದವನು ಗುಂಡಿ ಒತ್ತಬೇಕು. ಯಂತ್ರಕ್ಕೆ ಎಲುಬಿನಲ್ಲಿ ಏನಾದರೂ ಕಂಡರೆ ಹಳದಿ ಚೀಟಿ ಬರುತ್ತದೆ: ರಜೆ, ಚಿಕಿತ್ಸೆ. ಏನೂ ಕಾಣದಿದ್ದರೆ ಬಿಳಿ ಚೀಟಿ, ರಜೆಯಿಲ್ಲ. ಅದರ ಮೇಲೆ ಎರಡೇ ಶಬ್ದ: 'ಆಧಾರರಹಿತ ನೋವು'. ಒಂದೇ ತಿಂಗಳಲ್ಲಿ ಮೂರು ಬಿಳಿ ಚೀಟಿ ಬಿದ್ದರೆ ಹಮಾಲನ ಬಿಲ್ಲೆ ರದ್ದು. ಬಿಲ್ಲೆ ಹೋದವನಿಗೆ ರಾಜ್ಯದ ಯಾವ ಮಾರುಕಟ್ಟೆಯಲ್ಲೂ ಒಂದು ಚೀಲ ಮುಟ್ಟುವ ಹಕ್ಕಿಲ್ಲ.

ಹಿರೇಕಣವಿಯ ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ಈ ಯಂತ್ರ ನಡೆಸುತ್ತಿದ್ದವಳು ನೀಲವ್ವ. ಮೂವತ್ತನಾಲ್ಕರ ಹೆಂಗಸು. ಎಂಟು ವರ್ಷ ತಾಲೂಕು ಆಸ್ಪತ್ರೆಯ ಎಕ್ಸ್‌ರೇ ಕೋಣೆಯಲ್ಲಿ ಕೆಲಸ ಮಾಡಿದವಳು. ಪಾದದರ್ಶಿ ಬಂದದ್ದೇ ಆ ಕೋಣೆಗೆ ಬೀಗ ಜಡಿದು ಅವಳನ್ನು ಯಂತ್ರ ನಡೆಸುವ ಕಂಪನಿಗೆ ದಾಟಿಸಿದರು, ಸಂತೆಯಲ್ಲಿ ಎತ್ತು ದಾಟಿಸಿದ ಹಾಗೆ.

ಗೇಟಿನ ಮೇಲಿನ ಮಹಡಿಯಲ್ಲಿ ಅವಳ ಕೋಣೆ. ಮೊದಲು ಅದಕ್ಕೊಂದು ಕಿಟಕಿಯಿತ್ತು. ಮೆಣಸಿನಕಾಯಿ ಘಾಟು ಕಂಪ್ಯೂಟರಿಗೆ ಆಗಿಬರುವುದಿಲ್ಲ ಅಂತ ಇಟ್ಟಿಗೆ ಇಟ್ಟು ಮುಚ್ಚಿದರು. ಕೆಳಗೆ ಮುನ್ನೂರ ನಲವತ್ತು ಜನರ ಮೂಗು, ಕಣ್ಣು, ಎದೆಗೆ ಆಗಿಬರುತ್ತದೆ, ಕಂಪ್ಯೂಟರಿಗೆ ಆಗಿಬರುವುದಿಲ್ಲ! ಹೀಗಾಗಿ ನೀಲವ್ವನಿಗೆ ಕಾಣುತ್ತಿದ್ದುದು ಪರದೆ ಮಾತ್ರ, ಪರದೆಯಲ್ಲಿ ಪಾದ ಮಾತ್ರ. ಕ್ಯಾಮೆರಾ ಮೊಣಕಾಲಿನಿಂದ ಮೇಲೆ ಏಳುತ್ತಿರಲಿಲ್ಲ. ಮುಖ ನೋಡಿದರೆ ಆಪರೇಟರಿಗೆ ಕನಿಕರ ಬಂದೀತು ಅಂತ ಕಂಪನಿಯ ನಿಯಮ.

ಆ ಸೋಮವಾರ ಬಿಲ್ಲೆ ನಂಬರ್ ಇನ್ನೂರ ಹನ್ನೆರಡರ ಪಾದಗಳು ಪರದೆಗೆ ಬಂದವು. ಮುಖ ಬೇಕಾಗಿರಲಿಲ್ಲ. ಅವು ಅವಳ ಅಣ್ಣ ಫಕ್ಕೀರಪ್ಪನವು. ಅಪ್ಪ ಸತ್ತಾಗ ಅವನಿಗೆ ಹದಿನೇಳು, ಅವಳಿಗೆ ಐದು. ಅವಳ ಓದೆಲ್ಲ ಅವನ ಬೆನ್ನ ಮೇಲೆ ಬಂದದ್ದು. ಗಂಡನ ಮನೆ ಬಿಟ್ಟು ಬಂದಾಗ ಒಂದು ಮಾತು ಕೇಳದೆ ಒಳಗೆ ಕರೆದುಕೊಂಡವನೂ ಅವನೇ.

ಗುಂಡಿ ಒತ್ತಿದ ಸದ್ದಾಯಿತು. ಮೂರು ವರ್ಷದಲ್ಲಿ ಅವನು ಒತ್ತಿದ್ದು ಅದೇ ಮೊದಲು.

ಶನಿವಾರ ಲಾರಿ ತುಂಬುವಾಗ ಹಲಗೆಯ ತುದಿಗೆ ಬಲಗಾಲ ಬೆರಳು ಸಿಕ್ಕು, ಬೆನ್ನ ಮೇಲಿನ ಚೀಲದ ಸಮೇತ ಇಡೀ ಭಾರ ಮಡಚಿದ ಪಾದದ ಮೇಲೆ ಕುಸಿದದ್ದನ್ನು ಮನೆಯಲ್ಲಿ ಹೇಳಿದ್ದ. ನೀಲವ್ವ ಪರದೆಗೆ ಮೂಗು ತಾಗುವಷ್ಟು ಬಗ್ಗಿದಳು. ಇಪ್ಪತ್ತಾರೂ ಎಲುಬು ಪೋಣಿಸಿಟ್ಟ ಹಾಗೆ ಸಾಲಾಗಿ ಕೂತಿದ್ದವು. ಬಿರುಕಿಲ್ಲ, ಸಂದಿಲ್ಲ. ಕೆಳಗೆ ಬಿಳಿ ಚೀಟಿ ಹರಿದುಬಂದ ಸದ್ದು ಕೇಳಿಸಿತು.

ಉಳುಕಿರಬೇಕು ಅಂದುಕೊಂಡಳು. ಅದರ ಹಿಂದೆಯೇ ಇನ್ನೊಂದು ಯೋಚನೆ ಬಂತು: ಅಣ್ಣನಿಗೂ ನಲವತ್ತಾರಾಯಿತು, ಬೇಸರ ಬಂದಿರಬೇಕು. ಆ ಯೋಚನೆಯನ್ನು ಆಮೇಲೆ ಎಷ್ಟು ತೊಳೆದರೂ ಅವಳ ಮನಸ್ಸಿನಿಂದ ಹೋಗಲಿಲ್ಲ.

ಸಂಜೆ ಮನೆಗೆ ಬಂದಾಗ ಅವನು ಕಟ್ಟೆಯ ಮೇಲೆ ಕೂತು ಬಕೆಟ್ಟಿನ ಬಿಸಿನೀರಲ್ಲಿ ಕಾಲಿಟ್ಟಿದ್ದ. ಹೆಂಡತಿ ಕಾಶವ್ವ ಉಪ್ಪು ಸುರಿಯುತ್ತಿದ್ದಳು.

"ಬಂದ್ಳ ನೋಡು ಸಾಹೇಬ್ತಿ," ಅಂದ ಫಕ್ಕೀರಪ್ಪ. "ಏನಂತೈತಿ ನಿನ್ನ ಯಂತ್ರ? ನನ್ನ ಕಾಲು ಹೊಸಾ ಕಾಲಂತ?"

"ಚಿತ್ರದಾಗ ಏನೂ ಇಲ್ಲಣ್ಣಾ."

"ಚಿತ್ರದಾಗ ಇಲ್ಲ ಅಂದ್ರ ಆತು ಬಿಡು. ಚಿತ್ರಕ್ಕ ಎಲ್ಲಿ ನೋಯ್ತದ."

ಕಾಶವ್ವ ಸಿಡಿದಳು. "ನಗಬ್ಯಾಡ್ರಿ ನೀವು. ಹಗಲೆಲ್ಲ ಒಂಟಿಗಾಲಾಗ ಕುಪ್ಪಳಿಸಿ ಬಂದಾರ. ಮುಂಜಾನೆ ಎದ್ದ ಕೂಡ್ಲೆ ನೆಲಕ್ಕ ಕಾಲ ಊರಿದ್ರ ಮಾರಿ ಹೆಂಗಾತು ನೋಡಬೇಕಿತ್ತು ನೀಲಾ. ನಿಮ್ಮ ಯಂತ್ರ ಆ ಮಾರಿ ಯಾಕ ನೋಡಂಗಿಲ್ಲ?"

"ಮಾರಿ ನೋಡಬಾರದಂತ ನಿಯಮ ಐತಿ ವೈನಿ."

"ಯಾವ ಹಾಟ್ಯಾನ ನಿಯಮ ಅದು!"

ನೀಲವ್ವ ಬಗ್ಗಿ ಅಣ್ಣನ ಪಾದವನ್ನು ನೀರಿನಿಂದ ಎತ್ತಿ ತಿರುಗಿಸಿದಳು. ಅಂಗಾಲಿನ ನಡುವೆ, ನೆಲ ಮುಟ್ಟದ ಆ ಕುಳಿಯಲ್ಲಿ, ವೀಳ್ಯದೆಲೆಯ ತುದಿಯಷ್ಟು ಜಾಗ ನೀಲಿಗಪ್ಪಾಗಿತ್ತು. ತಾಲೂಕು ಆಸ್ಪತ್ರೆಯಲ್ಲಿ ಒಬ್ಬ ಹಳೆಯ ಡಾಕ್ಟರಮ್ಮ ಇದ್ದರು. "ಪಾದದ ಮೇಲೆ ಬಾವು ಬಂದರೆ ನೋಡೋಣ ಅನ್ನು," ಅನ್ನುತ್ತಿದ್ದರು. "ಅಂಗಾಲಲ್ಲಿ ರಕ್ತ ಕಟ್ಟಿದ್ದರೆ ಮಾತ್ರ ಅವನನ್ನು ಒಂದು ಹೆಜ್ಜೆ ನಡೆಸಬೇಡ. ಒಳಗೆ ಎಲುಬನ್ನು ಎಲುಬಿಗೆ ಬಿಗಿದ ಹುರಿ ಹರಿದಿರುತ್ತದೆ. ಬಿಟ್ಟರೆ ಪಾದದ ಕಮಾನೇ ಬೀಳುತ್ತದೆ."

"ನಾಳೆ ಹೋಗಬ್ಯಾಡಣ್ಣಾ ನೀ."

"ಹೋಗದಿದ್ರ ಗೈರುಹಾಜರಿ. ಹೋದ್ರ ಬಿಳಿ ಚೀಟಿ. ಮೂರನೇದ್ದು ಬಿದ್ದ ದಿನ ನನ್ನ ಬಿಲ್ಲಿ ನಿನ್ನ ಕಂಪನಿಯವ್ರ ಕಸದ ಬುಟ್ಟಿಗೆ. ಹಳದಿ ಚೀಟಿ ಇಲ್ಲಂದ್ರ ದವಾಖಾನ್ಯಾಗ ಕಾಲ ಮುಟ್ಟಂಗಿಲ್ಲ. ಯಾವ ದಾರಿ ಉಳದೈತಿ, ನೀನ ಹೇಳು."

ನೀಲವ್ವ ಪಾದವನ್ನು ಮೆಲ್ಲಗೆ ನೀರಿಗೆ ಇಳಿಸಿದಳು.

ಮಂಗಳವಾರ ಎರಡನೇ ಬಿಳಿ ಚೀಟಿ ಬಿತ್ತು. ಅವತ್ತು ಫಕ್ಕೀರಪ್ಪನಿಂದ ಒಂದು ಚೀಲವನ್ನೂ ಎತ್ತಲಾಗಲಿಲ್ಲ. ನೀಲವ್ವ ಆ ಚಿತ್ರವನ್ನು ಮುಚ್ಚಲಿಲ್ಲ. ತಿರುಗಿಸಿದಳು, ಹಿಗ್ಗಿಸಿದಳು, ಹೆಬ್ಬೆರಳ ಉದ್ದೆಲುಬಿಗೂ ಪಕ್ಕದ ಉದ್ದೆಲುಬಿಗೂ ನಡುವಿನ ಸಂದನ್ನು ಅಳೆದಳು. ಇರಬೇಕಾದಷ್ಟೇ ಇತ್ತು. ಆದರೂ ಎಲ್ಲೋ ಏನೋ ಹದ ತಪ್ಪಿದೆ ಅನ್ನಿಸಿತು. ಕೊನೆಗೆ ಕಣ್ಣಿಗೆ ಬಿದ್ದದ್ದು ಎಲುಬಲ್ಲ, ಹಿಮ್ಮಡಿಯ ಮಾಂಸ. ನೆರಳಿನಂತೆ ಕಾಣುವ ಆ ಮೆತ್ತೆ ಉಂಡೆಯ ಹಾಗೆ ಗುಂಡಗಿತ್ತು. ನಿಂತ ಮನುಷ್ಯನ ಹಿಮ್ಮಡಿ ಚಪ್ಪಟೆಯಾಗಬೇಕಲ್ಲ? ಆಸ್ಪತ್ರೆಯಲ್ಲಿ ಮಂಚದ ಮೇಲೆ ಮಲಗಿದವರ ಹಿಮ್ಮಡಿ ಮಾತ್ರ ಹೀಗೆ ಗುಂಡಗಿರುತ್ತಿತ್ತು.

ಬೇರೆಯವರ ಚಿತ್ರ ತೆರೆದಳು. ಗುಂಡಗೆ. ಇನ್ನೊಬ್ಬ. ಗುಂಡಗೆ. ಮಾರುಕಟ್ಟೆಯ ಹಮಾಲರೆಲ್ಲ ಮಲಗಿಕೊಂಡೇ ಗೇಟು ದಾಟುತ್ತಿದ್ದಾರೆಯೇ?

ಸಂಜೆ ಮನೆ ಹೊಕ್ಕವಳು ಚಪ್ಪಲಿಯನ್ನೂ ಬಿಡದೆ ಕೇಳಿದಳು. "ಅಣ್ಣಾ, ಯಂತ್ರದ ಮ್ಯಾಲ ಹೆಂಗ ನಿಂದರ್ತೀ ತೋರಿಸು."

"ಹೆಂಗಂದ್ರ? ಕಾಲ ಮ್ಯಾಲ."

"ಚಾಷ್ಟಿ ಬ್ಯಾಡ. ಎದ್ದು ತೋರಿಸು."

ಫಕ್ಕೀರಪ್ಪ ಗೋಡೆ ಹಿಡಿದು ಎದ್ದ. ಬಾಗಿಲ ಬಳಿ ಇದ್ದ ಎರಡು ಖಾಲಿ ಡ್ರಮ್ಮುಗಳ ನಡುವೆ ನಿಂತು, ಅವುಗಳ ಅಂಚಿಗೆ ಅಂಗೈ ಊರಿದ. ತೋಳಿನ ನರ ಉಬ್ಬಿದವು. ಅರ್ಧ ಮೈಯಲ್ಲ, ಹೆಚ್ಚುಕಮ್ಮಿ ಇಡೀ ಮೈಯನ್ನು ಎರಡು ತೋಳಿನ ಮೇಲೆ ಎತ್ತಿ ಹಿಡಿದು, ಹೂವಿನ ಮೇಲೆ ಇಟ್ಟ ಹಾಗೆ ಪಾದಗಳನ್ನು ನೆಲಕ್ಕೆ ತಾಗಿಸಿದ. ಮೂವತ್ತು ವರ್ಷ ಚೀಲ ಎತ್ತಿದ ತೋಳು. ಅವನಿಗೆ ಅದು ಶ್ರಮವೇ ಆಗಿರಲಿಲ್ಲ.

"ಹಿಂಗ."

"ಎಲ್ಲಾರೂ ಹಿಂಗನ ನಿಂದರ್ತಾರೇನು?" ಅಂತ ಕೇಳಿದಳು ನೀಲವ್ವ.

"ಮತ್ತ? ಕಾಂಟಾದ ಮ್ಯಾಲ ಯಾರರ ಕಾಲ ಊರ್ತಾರೇನ ಹುಚ್ಚೀ?"

ಕಾಂಟಾ ಅಂದರೆ ಮಾರುಕಟ್ಟೆಯಲ್ಲಿ ಚೀಲ ತೂಗುವ ಉಕ್ಕಿನ ಹಲಗೆ. ಹಮಾಲರಿಗೆ ಅದು ಲಕ್ಷ್ಮಿ. ಅಮಾವಾಸ್ಯೆಗೆ ಅದಕ್ಕೆ ಕುಂಕುಮವಿಟ್ಟು ಕಾಯಿ ಒಡೆಯುತ್ತಾರೆ. ಅಪ್ಪಿತಪ್ಪಿ ಕಾಲು ತಾಗಿದರೆ ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುತ್ತಾರೆ. ಹಿಂದೂ ಮುಸಲ್ಮಾನ ಅಂತಿಲ್ಲ, ಮಾರುಕಟ್ಟೆಯಲ್ಲಿ ಎಲ್ಲರಿಗೂ ಒಂದೇ ರಿವಾಜು. ಪಾದದರ್ಶಿ ಬಂದ ದಿನ ಉಕ್ಕಿನ ಚೌಕಟ್ಟು, ನಡುವೆ ಹಲಗೆ, ಪಕ್ಕದಲ್ಲಿ ಮಿಣಮಿಣ ಅಂಕಿ ನೋಡಿ ಹಮಾಲರ ಮುಖಂಡ ಹುಸೇನಸಾಬ ಹೇಳಿದ್ದನಂತೆ: "ಇದೂ ಕಾಂಟಾನ. ತುಳಿಬ್ಯಾಡ್ರಿ. ಮುಟ್ಟಿಸಿ ಬಿಡ್ರಿ." ಅವರು ಅದಕ್ಕೆ ಇಟ್ಟ ಹೆಸರೇ ಕಾಲ್ಕಾಂಟಾ.

ಮೂರು ವರ್ಷ, ಮುನ್ನೂರ ನಲವತ್ತು ಜನ, ದಿನಕ್ಕೊಮ್ಮೆ, ದೇವರಿಗೆ ಮುಟ್ಟಿಸಿದ ಹಾಗೆ ಪಾದ ಮುಟ್ಟಿಸಿ ಹೋಗಿದ್ದರು. ಕಂಬಿಯ ಮೇಲಿದ್ದ ಕೈ ಕ್ಯಾಮೆರಾಕ್ಕೆ ಕಂಡಿರಲಿಲ್ಲ. ಕೆಲವು ಗಾಯ ಭಾರ ಬಿದ್ದಾಗ ಮಾತ್ರ ಬಾಯಿ ತೆರೆಯುತ್ತವೆ. ಹುರಿ ಹರಿದ ಎಲುಬು ಭಾರವಿಲ್ಲದಾಗ ತನ್ನ ಜಾಗಕ್ಕೆ ಬಂದು ಸಭ್ಯಸ್ಥನಂತೆ ಕೂತುಬಿಡುತ್ತದೆ. ಮಲಗಿದಾಗ ಎಲ್ಲ ಕಾಲೂ ಒಳ್ಳೆಯ ಕಾಲೇ.

ಬುಧವಾರ ಅವಳು ಬೆಳಕು ಹರಿಯುವ ಮುಂಚೆಯೇ ಕೋಣೆಗೆ ಬಂದಳು. ಗಾಜಿನ ಕೆಳಗೆ ತೂಕದ ಸೆನ್ಸರು ಇರಲೇಬೇಕು ಅಂತ ಅವಳ ಲೆಕ್ಕ. ಪಕ್ಕದ ಆ ಅಂಕಿ ಮಿಣುಕುತ್ತಿದ್ದುದು ಇನ್ನೇತಕ್ಕೆ? ಹುಡುಕಿದಳು. ಆಪರೇಟರಿಗೆ ಕಾಣದ ಹಾಗೆ ಮುಚ್ಚಿಟ್ಟ ಒಂದು ಕಾಲಂ ಇತ್ತು. ತೆರೆದಳು.

ಹನ್ನೊಂದು ಕಿಲೋ. ಒಂಬತ್ತು. ಹದಿನಾಲ್ಕು. ಹನ್ನೊಂದು. ಹನ್ನೊಂದು. ಎಂಟೂವರೆ.

ಅದರ ಪಕ್ಕದ ಕಾಲಮ್ಮಿನಲ್ಲಿ ಮೇಲಿಂದ ಕೆಳಗೆ ಒಂದೇ ಅಂಕಿ: ಅರವತ್ತೈದು, ಅರವತ್ತೈದು, ಅರವತ್ತೈದು.

ಕಂಪನಿಯ ಬೆಂಗಳೂರು ಕಚೇರಿಗೆ ಫೋನು ಹಚ್ಚಿದಳು. ಎತ್ತಿದವನು ಅನಿರುದ್ಧ, ಹಿರಿಯ ಎಂಜಿನಿಯರು. ದನಿಯಲ್ಲಿ ಇನ್ನೂ ನಿದ್ದೆಯಿತ್ತು.

"ಓ, ಅದಾ ಮೇಡಂ? ಗೊತ್ತಿರೋ ವಿಷಯಾನೇ. ಆ ಸೈಟಲ್ಲಿ ಲೋಡ್ ಸೆನ್ಸರ್ ಮೊದಲಿಂದ್ಲೂ ಕೆಟ್ಟಿದೆ. ಹನ್ನೊಂದು ಕಿಲೋ ತೋರಿಸುತ್ತೆ. ದೊಡ್ಡ ಗಂಡಸು ಹನ್ನೊಂದು ಕಿಲೋ ಇರ್ತಾನಾ, ಹೇಳಿ? ಅದಕ್ಕೇ ಅದನ್ನ ಆಫ್ ಮಾಡಿ ಸರಾಸರಿ ತೂಕ ಹಾಕಿಬಿಟ್ವಿ."

"ಸೆನ್ಸರ್ ಕೆಟ್ಟಿಲ್ಲ ಸರ್. ಅವ್ರು ನಿಂತ ಇಲ್ಲ. ಕಂಬಿ ಮ್ಯಾಲ ಜೋತು ಬಿದ್ದಾರ."

"ಯಾಕೆ ಜೋತು ಬೀಳ್ತಾರೆ?"

ಅವಳು ಹೇಳಿದಳು. ಆ ಕಡೆಯಿಂದ ಒಂದು ಸಣ್ಣ ನಗೆ. "ಲಕ್ಷ್ಮೀನಾ? ಅಯ್ಯೋ! ನೋಡಿ, ಇದೊಂದೇ ಸೈಟಲ್ಲ, ಎಂಟು ಮಾರ್ಕೆಟಲ್ಲಿ ಹೀಗೇ ತೋರಿಸುತ್ತೆ. ಈಗ ಅದನ್ನೆಲ್ಲ ಕೆದಕಿದ್ರೆ ಮೂರು ವರ್ಷದ ಚೀಟಿಗಳೆಲ್ಲ ಪ್ರಶ್ನೆಗೆ ಬರುತ್ತೆ. ನೀವು ಆ ಕಾಲಂ ಮುಚ್ಚಿಬಿಡಿ, ಪ್ಲೀಸ್."

ಎಂಟು ಮಾರುಕಟ್ಟೆ! ಎಂಟು ಊರಿನ ಜನ ಹನ್ನೊಂದು ಕಿಲೋ ತೂಗಿದಾಗ ಇವರಿಗೆ ಸಂಶಯ ಬಂದದ್ದು ಸೆನ್ಸರಿನ ಮೇಲೆ. ಬಸ್ಸು ಹತ್ತಿ ಬಂದು ಒಂದು ಬೆಳಿಗ್ಗೆ ಗೇಟಿನ ಬಳಿ ನಿಂತಿದ್ದರೆ ಸಾಕಿತ್ತು. ಕಣ್ಣಿದ್ದ ಯಾವ ಮನುಷ್ಯನಿಗೂ ಕಾಣುತ್ತಿತ್ತು. ಬರಲಿಲ್ಲ. ಅವರ ಲೆಕ್ಕದಲ್ಲಿ ಯಂತ್ರ ನೋಡಿದ್ದೇ ನೋಟ. ನೋಡಲಿಕ್ಕೆ ಅಲ್ಲಿ ಬೇರೆ ಏನಿದೆ?

ನೀಲವ್ವ ಕಾಲಂ ಮುಚ್ಚಲಿಲ್ಲ. ಕೋಣೆ ಬಿಟ್ಟು ಏಳಬಾರದು ಎಂಬ ನಿಯಮವನ್ನು ಹಾಗೇ ಕುರ್ಚಿಯ ಮೇಲೆ ಕೂರಿಸಿ, ಮೆಟ್ಟಿಲಿಳಿದು ಗೇಟಿಗೆ ಬಂದಳು.

ಸಾಲು ನಿಂತಿತ್ತು. ಮುಂಜಾನೆಯ ಗಾಳಿಯಲ್ಲೇ ಕೆಂಪು ಘಾಟು, ಅಲ್ಲಲ್ಲಿ ಸೀನು. ಎಲ್ಲರ ಮುಂದೆ ಫಕ್ಕೀರಪ್ಪ, ಅವನ ಪಕ್ಕದಲ್ಲಿ ಹುಸೇನಸಾಬ.

"ಅಣ್ಣಾ, ಇವತ್ತ ಕೈ ಬಿಟ್ಟ ನಿಂದರು," ಅಂದಳು. "ಕಂಬಿ ಹಿಡಿಬ್ಯಾಡ."

"ಏನಂತೀ? ಲಕ್ಷ್ಮೀನ ತುಳೀಲೇನು?"

"ಅದು ಲಕ್ಷ್ಮಿ ಅಲ್ಲಣ್ಣಾ, ಎಕ್ಸ್‌ರೇ ಯಂತ್ರ."

"ನಿನಗ ಯಂತ್ರ. ನನಗ ಕಾಂಟಾ. ಬಿಲ್ಲಿ ಹೋದ್ರ ಹೋಗಲಿ, ಆ ಪಾಪ ನನಗ ಬ್ಯಾಡ."

ಸಾಲಿನಲ್ಲಿ ಗುಜುಗುಜು ಎದ್ದಿತು. "ನೀಲವ್ವಕ್ಕಾ, ನಿಮ್ಮ ಕಂಪನಿಯವ್ರು ಕಲಿಸಿ ಕಳಿಸ್ಯಾರೇನು?" ಅಂತ ಯಾರೋ ಚುಚ್ಚಿದರು. ಅವಳಿಗೆ ಸಿಟ್ಟು ನೆತ್ತಿಗೇರಿತು. ಕಂಪನಿಯ ಮೇಲೆ, ಅಣ್ಣನ ಮೇಲೆ, ಮೂರು ವರ್ಷ ಗೋಡೆಯೊಳಗೆ ಕೂತ ತನ್ನ ಮೇಲೆ.

"ಹೌದಪಾ ಕಾಂಟಾನ!" ಅಂದಳು ಹುಸೇನಸಾಬನ ಕಡೆ ತಿರುಗಿ. "ಕಾಂಟಾನ ಅನ್ನೂಣು. ಕಾಕಾ, ನೀನ ಹೇಳು. ಚೀಲ ತೂಗುವಾಗ ವ್ಯಾಪಾರಿ ಹಲಗೀಗೆ ಕೈ ಕೊಟ್ಟು ಮ್ಯಾಲ ಎತ್ತಿ ಹಿಡಿದ್ರ ಏನಂತಾರ ಅದಕ?"

"ಕಳ್ಳ ತೂಕ," ಅಂದ ಹುಸೇನಸಾಬ. ಅದು ಅವನ ಬಾಯಲ್ಲಿ ಬೈಗುಳ.

"ಅಂಥಾ ವ್ಯಾಪಾರೀನ ನೀವು ಏನ್ ಮಾಡ್ತಿದ್ರಿ?"

"ಚೀಲ ಮುಟ್ತಿದ್ದಿಲ್ಲ. ಹೋದ ವರ್ಷ ಒಬ್ಬಾಂವನ ಅಂಗಡಿ ಮುಂದ ಎರಡು ದಿನ ಕೂತಿದ್ವಿ."

"ಮತ್ತ ನೀವು? ಲಕ್ಷ್ಮಿ ಮುಂದ ಕಂಬಿ ಹಿಡದು ಮೈ ಎತ್ತೀರಿ. ಎಪ್ಪತ್ತ ಕಿಲೋ ಮನಷ್ಯಾ ಹನ್ನೊಂದ ಕಿಲೋ ಅಂತ ತೋರ್ಸೀರಿ. ಮೂರು ವರ್ಷ! ಆಕಿ ಖರೇನ ಹೇಳ್ಯಾಳ. ಕಳ್ಳ ತೂಕ ಕೊಟ್ಟಾವ್ರು ನೀವು. ಆ ತೂಕದ ಆಧಾರದ ಮ್ಯಾಲ ನಿಮ್ಮ ಮಂದಿ ಬಿಲ್ಲಿ ಕಸ್ಕೊಂಡಾರ."

ಗುಜುಗುಜು ನಿಂತಿತು. ಹುಸೇನಸಾಬ ಬಗ್ಗಿ ಗಾಜಿನ ಹಲಗೆಯನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಂಡ. ಆಮೇಲೆ ಫಕ್ಕೀರಪ್ಪನ ಹೆಗಲ ಮೇಲೆ ಕೈಯಿಟ್ಟ.

"ಹುಡುಗಿ ಬರೋಬ್ಬರಿ ಹೇಳ್ಯಾಳ. ತೂಕ ಕೊಡು. ಪೂರ್ತಿ ಕೊಡು. ಪಾಪ ಇದ್ರ ನನ್ನ ಮ್ಯಾಲ ಇರಲಿ."

ಫಕ್ಕೀರಪ್ಪ ಹತ್ತಿದ. ಕಂಬಿ ಹಿಡಿದ. ಕಣ್ಣು ಮುಚ್ಚಿ, ಒಂದೊಂದೇ ಬೆರಳು ಬಿಡಿಸುತ್ತ ಕೈ ತೆಗೆದ. ಭಾರ ಪಾದಕ್ಕೆ ಇಳಿದ ಕ್ಷಣ ಅವನ ಬಾಯಿಂದ ಬಂದ ಸದ್ದು ಮನುಷ್ಯನದಾಗಿರಲಿಲ್ಲ. ಆದರೂ ಆರು ಸೆಕೆಂಡು ನಿಂತ. ಆ ಆರು ಸೆಕೆಂಡು ಎಣಿಸಿದವರಿಗೆ ಅದು ಎಷ್ಟು ಉದ್ದ ಅಂತ ಗೊತ್ತು. ಇಬ್ಬರು ಅವನನ್ನು ಇಳಿಸಿ ಖಾಲಿ ಚೀಲಗಳ ರಾಶಿಯ ಮೇಲೆ ಕೂರಿಸಿದರು.

ನೀಲವ್ವ ಮೇಲೆ ಓಡಿದಳು. ಪರದೆಯ ಮೇಲೆ ಬಲಪಾದ ಬಾಯಿ ತೆರೆದಿತ್ತು. ಹೆಬ್ಬೆರಳ ಉದ್ದೆಲುಬು ಒಂದು ಕಡೆ, ಉಳಿದ ನಾಲ್ಕು ಇನ್ನೊಂದು ಕಡೆ, ನಡುವೆ ಕಡ್ಡಿ ತೂರಿಸುವಷ್ಟು ಸಂದು. ಆ ಸಂದಿನಲ್ಲಿ ಅಕ್ಕಿ ನುಚ್ಚಿನಷ್ಟು ಎಲುಬಿನ ಚೂರು. ಇದೇ, ಇದೇ! ಅವಳು ಅಳುತ್ತ ನಕ್ಕಳು. ಹಳದಿ ಚೀಟಿ ಬರಲೇಬೇಕು.

ಯಂತ್ರ ಒಂದು ಕ್ಷಣ ಯೋಚಿಸಿತು. ನಿನ್ನೆಯ ಚಿತ್ರವನ್ನೂ ಇಂದಿನದನ್ನೂ ಪಕ್ಕಪಕ್ಕ ಇಟ್ಟಿತು. ಆಮೇಲೆ ಬರೆಯಿತು:

'ಹೊಸ ಗಾಯ. ನಿನ್ನೆಯ ಚಿತ್ರದಲ್ಲಿ ಇಲ್ಲ. ನಿನ್ನೆ ಮುಂಜಾನೆಯಿಂದ ಬಿಲ್ಲೆ 212 ಚೀಲ ಎತ್ತಿಲ್ಲ. ಗಾಯವಾದ ಸ್ಥಳ: ಮಾರುಕಟ್ಟೆಯ ಹೊರಗೆ. ಚಿಕಿತ್ಸೆಗೆ ಅರ್ಹತೆ ಇಲ್ಲ. ಬಿಲ್ಲೆ ಅಮಾನತು.'

ಓದಿದಳು. ಮತ್ತೆ ಓದಿದಳು. ಎಂಥ ಅಚ್ಚುಕಟ್ಟು ನೋಡಿ! ಮೊದಲು ನೋವೇ ಇಲ್ಲ ಅನ್ನು. ನೋವು ಕಂಡರೆ ನಮ್ಮದಲ್ಲ ಅನ್ನು. ಬಡವನ ಎಲುಬು ಮುರಿಯುವುದಕ್ಕೂ ಸರಿಯಾದ ಜಾಗ, ಸರಿಯಾದ ಮುಹೂರ್ತ ಬೇಕು!

ಇಳಿದು ಹೋಗಿ ಎಲ್ಲರಿಗೂ ಕೇಳುವ ಹಾಗೆ ಅದನ್ನು ಓದಿ ಹೇಳಿದಳು. ಫಕ್ಕೀರಪ್ಪ ಕಾಲು ಮೇಲಿಟ್ಟುಕೊಂಡು ಆಕಾಶ ನೋಡಿದ. ಹುಸೇನಸಾಬ ಸಾಲಿನ ಕಡೆ ತಿರುಗಿದ.

"ಮಂದೀ, ಕೇಳಿದ್ರೆಲ್ಲ? ಫಕ್ಕೀರಪ್ಪ ರಾತ್ರಿ ಮನ್ಯಾಗ ಕಾಲ ಮುರಕೊಂಡಾನಂತ. ನಾವೂ ಹತ್ತೂಣು ನಡೀರಿ. ಎಷ್ಟ ಮಂದಿ ರಾತ್ರಿ ಮುರಕೊಂಡೀವಿ ನೋಡೂಣು. ಯಾರೂ ಕಂಬಿ ಮುಟ್ಟಬ್ಯಾಡ್ರಿ."

ಎರಡನೆಯವನು ಹತ್ತಿದ. ಮೂರನೆಯವನು. ಪ್ರತಿಯೊಬ್ಬನೂ ಹಲಗೆ ಮುಟ್ಟಿ ನಮಸ್ಕರಿಸಿ, ಕೈ ಬಿಟ್ಟು, ತನ್ನ ಪೂರ್ತಿ ಭಾರ ಕೊಟ್ಟ. ಮೇಲಿನ ಕೋಣೆಗೆ ಮರಳಿದ ನೀಲವ್ವನ ಮುಂದೆ ಪಾದಗಳು ಒಂದರ ಹಿಂದೊಂದು ಬಂದವು. ಈ ಮೂರು ವರ್ಷದಲ್ಲಿ ನೀಲವ್ವ ನೋಡಿದ್ದು ಇವೇ ಪಾದಗಳೇ? ಒಬ್ಬನ ಕಮಾನು ಕುಸಿದು ನಡುವಿನ ಎಲುಬು ನೆಲ ಮುಟ್ಟುತ್ತಿತ್ತು. ಇನ್ನೊಬ್ಬನ ಕಣಕಾಲಿನ ಕೀಲಿನಲ್ಲಿ ಮೆತ್ತೆಯೇ ಇರಲಿಲ್ಲ, ಎಲುಬು ಎಲುಬನ್ನು ಅರೆಯುತ್ತಿತ್ತು. ಕೂದಲಿನಂಥ ಬಿರುಕುಗಳು ಭಾರಕ್ಕೆ ಅರಳಿ ನಿಂತವು. ಎರಡೂವರೆ ಗಂಟೆಯಲ್ಲಿ ಗಾಯ ಕಂಡವರು ಫಕ್ಕೀರಪ್ಪನೂ ಸೇರಿ ಐವತ್ತೇಳು ಜನ. ಐವತ್ತೇಳರ ಕೆಳಗೂ ಯಂತ್ರ ನಾಚಿಕೆಯಿಲ್ಲದೆ ಅದನ್ನೇ ಬರೆಯಿತು: ಹೊಸ ಗಾಯ, ನಿನ್ನೆಯ ನಂತರ. ಹತ್ತು ವರ್ಷ ಸವೆದ ಕೀಲು ಒಂದು ರಾತ್ರಿಯಲ್ಲಿ ಸವೆಯಿತಂತೆ!

ಫೋನು ಹೊಡೆದುಕೊಂಡಿತು. ಅನಿರುದ್ಧನ ನಿದ್ದೆ ಹಾರಿಹೋಗಿತ್ತು.

"ಮೇಡಂ, ಏನಾಗ್ತಿದೆ ಅಲ್ಲಿ? ನಿನ್ನೆ ಸೊನ್ನೆ ಇದ್ದಿದ್ದು ಇವತ್ತು ಐವತ್ತೇಳು! ಭೂಕಂಪ ಏನಾದ್ರೂ ಆಯ್ತಾ?"

"ಇಲ್ಲ ಸರ್," ಅಂದಳು ನೀಲವ್ವ. "ಜನ ನಿಂತ್ರು."

ಮಧ್ಯಾಹ್ನದ ಹೊತ್ತಿಗೆ ಕಂಪನಿಯ ಕಾರು ಬಂತು. ಕಾರಿನಿಂದ ಇಳಿದ ಅಧಿಕಾರಿ ಕರವಸ್ತ್ರದಲ್ಲಿ ಮೂಗು ಮುಚ್ಚಿಕೊಂಡೇ ಮಹಡಿ ಹತ್ತಿ, ಅವಳ ಮುಂದೆ ಒಂದು ಹಾಳೆ ಇಟ್ಟ. ಅದರಲ್ಲಿ ಹೀಗಿತ್ತು: 'ಇಂದಿನ ಚಿತ್ರಗಳನ್ನು ದೋಷಪೂರಿತ ವಿಧಾನದಲ್ಲಿ ತೆಗೆಯಲಾಗಿದೆ. ಆದ್ದರಿಂದ ಇವು ಅಮಾನ್ಯ.' ಕೆಳಗೆ ಆಪರೇಟರಳ ಸಹಿಗೆ ಜಾಗ.

"ನಿಮ್ಮ ಅಣ್ಣನವರ ಕೇಸ್ ಮಾತ್ರ ಬೇರೆ," ಅಂದ. "ಮಾನವೀಯತೆ ಮೇಲೆ ಅವರಿಗೆ ಹಳದಿ ಚೀಟಿ ಕೊಡ್ತೀವಿ. ಒಳ್ಳೇ ಆಸ್ಪತ್ರೆ. ಇವತ್ತೇ ಆಪರೇಶನ್. ಬಿಲ್ಲೇನೂ ಉಳಿಯುತ್ತೆ. ನೀವು ಸಹಿ ಹಾಕಿ ಅಷ್ಟೆ."

ಹಾಳೆ ಹಿಡಿದು ಅವಳು ಕೆಳಗಿಳಿದಳು. ಫಕ್ಕೀರಪ್ಪನ ಪಾದ ಅಷ್ಟರಲ್ಲಿ ಗಡಿಗೆಯ ಹಾಗೆ ಊದಿತ್ತು. ಸುದ್ದಿ ತಿಳಿದು ಓಡಿಬಂದ ಕಾಶವ್ವ ಅದನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ನೀಲವ್ವ ಹಾಳೆಯಲ್ಲಿದ್ದದ್ದನ್ನು ಓದಿ ಹೇಳಿದಳು. ಕಂಪನಿ ಒಡ್ಡಿದ ಮಾತನ್ನೂ ಹೇಳಿದಳು. ಮುಚ್ಚಿಡಲಿಲ್ಲ.

ಕಾಶವ್ವ ಮೊದಲು ಬಾಯಿ ತೆರೆದಳು. "ಹಾಕಿ ಬಿಡು ನೀಲಾ. ನನಗ ಇವರ ಕಾಲ ಬೇಕು."

ಅದರಲ್ಲಿ ತಪ್ಪೇನಿತ್ತು? ನೀಲವ್ವನಿಗೂ ಅದೇ ಬೇಕಿತ್ತು. ಅವಳು ಅಣ್ಣನ ಮುಖ ನೋಡಿದಳು.

"ನಂದೊಂದ ಕಾಲ ಖರೆ, ಉಳಿದ ಐವತ್ತಾರು ಮಂದೀದು ಸುಳ್ಳ ಅಂತ ಬರದ ಕೊಡ್ತೀಯೇನು?" ಅಂದ ಫಕ್ಕೀರಪ್ಪ. "ಎರಡ ದಿನ ನಾನೂ ಸುಳ್ಳನ ಆಗಿದ್ದೆ ಯವ್ವಾ. ಅದರ ರುಚಿ ಗೊತ್ತಾಗೇತಿ ನನಗ. ಕಾಲಿಗಿಂತ ಅದ ಹೆಚ್ಚ ನೋಯ್ತದ."

ಕಾಶವ್ವ ಮುಖ ತಿರುಗಿಸಿ ಸೆರಗಿನಿಂದ ಕಣ್ಣೊರೆಸಿಕೊಂಡಳು.

ನೀಲವ್ವ ಆ ಹಾಳೆಯನ್ನು ಚೀಲದ ಮೇಲಿಟ್ಟುಕೊಂಡು 'ಇಂದಿನ' ಅನ್ನುವುದನ್ನು ಹೊಡೆದು 'ಕಳೆದ ಮೂರು ವರ್ಷದ' ಅಂತ ಬರೆದಳು. ಸಹಿ ಹಾಕಿದಳು. ಹಿಂದೆಯೇ ಇಳಿದು ಬಂದ ಅಧಿಕಾರಿ ಓದಿ ಕೆಂಪಗಾದ. ಅಲ್ಲೇ ನಿಂತ ನಿಲುವಿನಲ್ಲೇ ಅವಳ ಕೆಲಸ ಹೋಯಿತು. ಐವತ್ತೇಳೂ ಚಿತ್ರಗಳನ್ನು ಅವಳು ಬೆಳಿಗ್ಗೆಯೇ ತನ್ನ ಮೊಬೈಲಿಗೆ ಇಳಿಸಿಕೊಂಡಿದ್ದು ಅವನಿಗೆ ಗೊತ್ತಿರಲಿಲ್ಲ.

ಜಿಲ್ಲಾ ಆಸ್ಪತ್ರೆಯಲ್ಲಿ ಚೀಟಿ ಕೇಳಿದರು. ಚೀಟಿಯಿಲ್ಲ ಅಂದಾಗ ಹೊರಗೆ ಕೂರಿಸಿದರು. ಒಂದು ಮಿನಿಲಾರಿ ತುಂಬ ಬಂದಿದ್ದ ಹಮಾಲರು ಗದ್ದಲ ಮಾಡಲಿಲ್ಲ, ಬಾಗಿಲಿಗೆ ಅಡ್ಡ ಸುಮ್ಮನೆ ನಿಂತರು. ಅರ್ಧ ಗಂಟೆಗೆ ಒಬ್ಬ ಯುವ ಡಾಕ್ಟರು ಹೊರಗೆ ಬಂದು ನೀಲವ್ವನ ಮೊಬೈಲಿನಲ್ಲಿ ಚಿತ್ರ ನೋಡಿದ. ಅವನ ಹುಬ್ಬು ಮೇಲೇರಿತು.

"ನಿಲ್ಲಿಸಿ ತೆಗೆದದ್ದಾ? ಯಾರು ತೆಗೆದದ್ದು?"

"ನಾನ ರೀ."

"ಒಳ್ಳೇ ಕೆಲಸ ಮಾಡಿದ್ರಿ. ಇನ್ನೊಂದು ವಾರ ಇದರ ಮೇಲೆ ಚೀಲ ಹೊತ್ತಿದ್ರೆ ಈ ಪಾದ ಮತ್ತೆ ಪಾದ ಆಗ್ತಿರಲಿಲ್ಲ," ಅಂದು ತಳ್ಳುಗಾಡಿ ತರಲು ಕೂಗಿದ. ಚೀಟಿಯ ಜಾಗದಲ್ಲಿ ಏನು ಬರೆದನೋ ಅವನೇ ಬಲ್ಲ. ಮರುದಿನ ಎರಡು ಸ್ಕ್ರೂ ಹಾಕಿ ಆ ಎಲುಬುಗಳನ್ನು ಹತ್ತಿರ ಎಳೆದು ಬಿಗಿದರು. ನಾಲ್ಕು ತಿಂಗಳು ಭಾರ ಇಲ್ಲ ಅಂದರು. ಕಾಲು ಉಳಿಯಿತು. ಬಿಲ್ಲೆ ಇನ್ನೂ ಅಮಾನತ್ತಿನಲ್ಲೇ ಇತ್ತು.

ಇಷ್ಟಾದ ಮೇಲೆ ಕಂಪನಿ ಕಲಿತದ್ದೇನು? ಮುಂದಿನ ಸೋಮವಾರ ಎಲ್ಲ ಮಾರುಕಟ್ಟೆಗಳ ಗೇಟಿಗೂ ಒಂದು ಆಜ್ಞೆ ಅಂಟಿತು. ಹುಸೇನಸಾಬನಿಗೆ ಓದಲು ಬರುತ್ತಿರಲಿಲ್ಲ. ಗೇಟಿನ ಹೊರಗೆ ನಿಂತಿದ್ದ ನೀಲವ್ವನನ್ನು ಕರೆದ. ಒಳಗೆ ಬರುವ ಹಕ್ಕು ಅವಳಿಗೆ ಇರಲಿಲ್ಲ, ಅಲ್ಲಿಂದಲೇ ಗಟ್ಟಿಯಾಗಿ ಓದಿದಳು:

'ಕಾರ್ಮಿಕರ ತಿಳಿವಳಿಕೆಯ ಕೊರತೆಯಿಂದ ಕೆಲವೆಡೆ ಗೊಂದಲ ಉಂಟಾಗಿದೆ. ಇನ್ನು ಮುಂದೆ ಸುರಕ್ಷತೆಯ ದೃಷ್ಟಿಯಿಂದ ಯಂತ್ರದ ಮೇಲೆ ನಿಲ್ಲುವಾಗ ಎರಡೂ ಕೈಗಳಿಂದ ಕಂಬಿಯನ್ನು ಬಿಗಿಯಾಗಿ ಹಿಡಿದಿರತಕ್ಕದ್ದು. ತಪ್ಪಿದಲ್ಲಿ ಬಿಳಿ ಚೀಟಿ ನೀಡಲಾಗುವುದು.'

"ಓದಿ ಮುಗೀತೇನವ್ವಾ?" ಕೇಳಿದ ಹುಸೇನಸಾಬ.

"ಮುಗೀತು ಕಾಕಾ."

"ಉಳಿದ ಏಳು ಊರಿಗೆ ಫೋನ್ ಮಾಡೀಯೇನು?"

"ನಿನ್ನೆನ ಮಾಡೀನಿ. ಎಲ್ಲಾ ಹೇಳೀನಿ."

ಮುದುಕ ತಲೆಯಾಡಿಸಿ, ಹಲಗೆ ಮುಟ್ಟಿ ಕಣ್ಣಿಗೆ ಒತ್ತಿಕೊಂಡು, ಯಂತ್ರ ಹತ್ತಿದ. ಎರಡೂ ಕೈಗಳನ್ನು ತಲೆಯ ಮೇಲೆ ನೆಟ್ಟಗೆ ಎತ್ತಿದ. ಬಂದೂಕು ಕಂಡವನು ಎತ್ತುವ ಹಾಗಲ್ಲ, ಲಾರಿಯ ಮೇಲೆ ನಿಂತವನ ಕೈಗೆ ಚೀಲ ದಾಟಿಸುವಾಗ ಎತ್ತುವ ಹಾಗೆ.

"ಏಯ್, ಕಂಬಿ ಹಿಡೀರಿ!" ಕಾವಲಿನವನು ಕೂಗಿದ. "ಬಿಳಿ ಚೀಟಿ ಬೀಳ್ತೈತಿ!"

"ಬೀಳ್ಲಿ ಬಿಡು ತಮ್ಮಾ," ಅಂದ ಹುಸೇನಸಾಬ, ಕೈ ಇಳಿಸದೆ. "ಎಲ್ಲಾರಿಗೂ ಬೀಳ್ಲಿ. ಮೆಣಸಿನಕಾಯಿ ಯಾರ ಹೊರ್ತಾರ ನೋಡೂಣು."

ಅವನ ಹಿಂದೆ ಸಾಲಿನ ಉದ್ದಕ್ಕೂ, ಕೆಂಪು ಧೂಳಿನಲ್ಲಿ, ಕೈಗಳು ಒಂದೊಂದಾಗಿ ಮೇಲೆದ್ದವು.